ಕಪ್ಪು ಅಂಚಿನ ಬೆಕ್ಕು

"ನನ್ನ ಬೆಕ್ಕನ್ನ ಸಾಯಿಸಿದ್ದು ನೀವೇನಾ?"

ನೆವೆನಾ ಮುದ್ರಣ ಯಂತ್ರದಿಂದ ತಲೆ ಎತ್ತಿದಳು. ಅಂಗಡಿಯ ಬಾಗಿಲಲ್ಲಿ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಬೆರಳುಗಳಿಗೆಲ್ಲ ನೀಲಿ ಬಣ್ಣ. ಎರಡೂ ತೋಳು ತುಂಬ ಕಾರ್ನೇಷನ್ ಹೂಗಳು... ಎರಡೆರಡು, ನಾಲ್ಕು ನಾಲ್ಕು ಸೇರಿಸಿ ಕಟ್ಟಿದ ಸಣ್ಣ ಸಣ್ಣ ಗೊಂಚಲುಗಳು. ಸತ್ತವರಿಗೆ ಕೊಡುವ ಹೂವು ಮಾತ್ರ ಹಾಗೆ ಸಮಸಂಖ್ಯೆಯಲ್ಲಿರುತ್ತದೆ.

"ನಾನಾ? ನಾನು ಯಾವ ಬೆಕ್ಕಿಗೂ..."

"ಇದು ನಿಮ್ಮ ಅಂಗಡೀದೇ ಅಲ್ವಾ?"

ಅವನು ಹೂಗಳ ನಡುವಿನಿಂದ ಒಂದು ಕಾಗದ ಎಳೆದು ಮೇಜಿನ ಮೇಲೆ ಹರಡಿದ.

ಕಾಗದದ ನಡುವೆ ಕಿತ್ತಳೆ ಬಣ್ಣದ ದಪ್ಪ ಬೆಕ್ಕು. ಸೂಪಿಗೆ ಉಪ್ಪು ಕಡಿಮೆಯಾಗಿದೆ ಎಂದು ಮನೆಯವಳಿಗೆ ಹೇಳಲೋ ಬೇಡವೋ ಎಂದು ಯೋಚಿಸುತ್ತಿರುವಂಥ ಮುಖ. ಕೆಳಗೆ ಹೆಸರು: ಪನಾಯೋತ್ ಮಾವ. ಅದರ ಕೆಳಗೆ, ಗುರುವಾರ, ಸಂಜೆ ಆರು ಗಂಟೆ, ವಾಚನಾಲಯದ ಸಭಾಂಗಣ.

ಸುತ್ತಲೂ ಹೆಬ್ಬೆರಳು ದಪ್ಪದ ಕಪ್ಪು ಅಂಚು! ಮೇಲೆ ಒಂದು ಪುಟ್ಟ ಶಿಲುಬೆ. "ಅತೀವ ದುಃಖದಿಂದ ತಿಳಿಸುತ್ತೇವೆ..."

'ಅಯ್ಯೋ ದೇವರೇ!' ನೆವೆನಾ ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡಳು.

ನಮ್ಮ ಲೋವೆಚ್ ಊರಿನಲ್ಲಿ ಯಾರೇ ತೀರಿಕೊಂಡರೂ ಬೀದಿಬೀದಿಗೆ, ಮನೆ ಬಾಗಿಲಿಗೆ ಅಂಟಿಸುವ ಅವರ ಸಾವಿನ ಕಾಗದ ಅಚ್ಚಾಗುವುದು ನೆವೆನಾಳ ಅಂಗಡಿಯಲ್ಲೇ. ಹನ್ನೊಂದು ವರ್ಷದಿಂದ ಅದೇ ಕೆಲಸ. ಒಂದು ಮುಖ, ಒಂದು ಹೆಸರು, ದಿನ, ಗಂಟೆ, ಸ್ಥಳ. ಇಷ್ಟು ಕಣ್ಣಿಗೆ ಬಿದ್ದರೆ ಸಾಕು, ಕೈ ತಾನಾಗಿಯೇ ಕಪ್ಪು ಅಂಚಿನ ಕಡೆ ಹೋಗುತ್ತದೆ. ನಿನ್ನೆಯೂ ಹಾಗೇ ಹೋಗಿದೆ. ಬೆಳಿಗ್ಗೆ ಎಂದಿನಂತೆ ಶವಸಂಸ್ಕಾರದ ಕಚೇರಿಯ ಗೇಂಚೋ ಬಂದವನು ಕಪ್ಪು ಅಂಚಿದ್ದದ್ದನ್ನೆಲ್ಲ ಬಾಚಿಕೊಂಡು ಹೋಗಿ ಚರ್ಚಿನ ಗೇಟಿಗೆ, ಬಸ್ ನಿಲ್ದಾಣಕ್ಕೆ, ಸೇತುವೆಯ ಎರಡೂ ತುದಿಗೆ ಅಂಟಿಸಿಬಿಟ್ಟಿದ್ದಾನೆ. ಅವನು ಯಾವತ್ತು ಓದಿ ಅಂಟಿಸಿದ್ದಾನೆ!

"ಇದು ಚಿತ್ರಪ್ರದರ್ಶನದ ಪೋಸ್ಟರ್ ಕಣ್ರೀ," ಅವನು ನಿಟ್ಟುಸಿರು ಬಿಟ್ಟ. "ನಾನು ಯಾಸೆನ್. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತೀನಿ. ಬೆಕ್ಕುಗಳ ಚಿತ್ರ. ಬೆಳಿಗ್ಗೆ ಕೆಳಗಿನ ಮನೆ ಅಜ್ಜಿ, ನನ್ನ ಮಾವ ಯಾರೋ ಹೋದ್ರು ಅಂದ್ಕೊಂಡು ಬಂದು, ನನ್ನ ಕೈ ಹಿಡ್ಕೊಂಡು ಗೊಳೋ ಅಂತ ಅತ್ತರು. ಅಜ್ಜೀ, ಅದು ಬೆಕ್ಕು ಅಂದೆ. ಅದಕ್ಕೆ ಅವರೇನಂದ್ರು ಗೊತ್ತಾ?"

"ಏನಂದ್ರು?"

"ಪಾಪ, ಅವನದೊಂದು ಒಳ್ಳೆ ಫೋಟೋನೂ ಇರಲಿಲ್ಲ ಅನ್ಸುತ್ತೆ, ಅವನ ಬೆಕ್ಕಿಂದು ಹಾಕಿದ್ದಾರೆ, ಅಂದ್ರು!"

ನೆವೆನಾ ತುಟಿ ಕಚ್ಚಿ ಹಿಡಿದಳು. ನಗಬಾರದು. ತಪ್ಪು ತನ್ನದು, ಈ ಮನುಷ್ಯ ನ್ಯಾಯವಾಗಿ ಕೋಪಿಸಿಕೊಂಡಿದ್ದಾನೆ, ನಗಲೇಬಾರದು...

ಆದರೆ ನಗು ಒಡೆದೇಬಿಟ್ಟಿತು. ಕಣ್ಣಲ್ಲಿ ನೀರು ಬರುವಷ್ಟು. ಮೇಜು ಹಿಡಿದುಕೊಂಡು ನಿಲ್ಲುವಷ್ಟು.

ಯಾಸೆನ್ ಒಂದು ಕ್ಷಣ ಅವಳನ್ನೇ ನೋಡಿದ. ಅವನ ತುಟಿಯಂಚೂ ಮೆಲ್ಲಗೆ ಅಲುಗಿತು.

"ಕ್ಷಮಿಸಿ... ನಿಜವಾಗ್ಲೂ ಕ್ಷಮಿಸಿ. ಈಗ ಬೇರೆ ಅಚ್ಚು ಹಾಕಿದರೂ ಅಂಟಿಸೋಕೆ ಹೊತ್ತಿಲ್ಲ. ಇವತ್ತೇ ಅಲ್ವಾ?"

"ಇವತ್ತೇ."

"ಮತ್ತೆ ಈಗೇನು ಮಾಡೋದು?"

ಅವನು ತೋಳಿನ ಹೂಗಳ ಕಡೆ ನೋಡಿದ. "ಮೊದಲು ಒಂದು ಬಕೆಟ್ ನೀರು ಕೊಡಿ. ಬೆಳಿಗ್ಗೆಯಿಂದ ನೆರೆಯವರು ತಂದುಕೊಟ್ಟ ಇವನ್ನ ಇಡಬೇಕಲ್ಲ."

* * *

ಸಂಜೆ ಆರಕ್ಕೆ ಊರಿಗೆ ಊರೇ ವಾಚನಾಲಯಕ್ಕೆ ಬಂತು.

ಕಪ್ಪು ಬಟ್ಟೆ, ಕಪ್ಪು ತಲೆವಸ್ತ್ರ. ಪನಾಯೋತ್ ಯಾರೆಂದು ಒಬ್ಬರಿಗೂ ಗೊತ್ತಿಲ್ಲ. ಆದರೂ ಪಕ್ಕದವರಿಗೆ ಗೊತ್ತಿರಬಹುದು, ಬರದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಎಲ್ಲರೂ ಬಂದಿದ್ದರು. ತಲೆ ತಗ್ಗಿಸಿ ಒಳಗೆ ಬಂದವರು ತಲೆ ಎತ್ತಿದರೆ, ಗೋಡೆಯ ತುಂಬ ಬೆಕ್ಕುಗಳು!

ಕನ್ನಡಕ ಹುಡುಕುತ್ತಿರುವ ಬೆಕ್ಕು. ನೆಂಟರು ಯಾವಾಗ ಎದ್ದು ಹೋಗುತ್ತಾರೋ ಎಂದು ಕಾಯುತ್ತಾ ಹಲ್ಲು ಕಿರಿಯುತ್ತಿರುವ ಬೆಕ್ಕು. ಬಸ್ ತಪ್ಪಿಸಿಕೊಂಡರೂ ತಾನು ಬಸ್ಸಿಗೆ ಬಂದವನೇ ಅಲ್ಲ ಎಂಬಂತೆ ನಡೆಯುತ್ತಿರುವ ಬೆಕ್ಕು...

ಎಲ್ಲರೂ ಗೋಡೆಯಿಂದ ಗೋಡೆಗೆ ಕಣ್ಣಾಡಿಸಿದರು. ಆಮೇಲೆ ಮೂಲೆಯಿಂದ ಒಂದು ಮುದುಕಿಯ ದನಿ ಬಂತು.

"ಲೇ, ಇದು ನಮ್ಮ ಯಜಮಾನ್ರ ಥರಾನೇ ಇದೆ ನೋಡ್ರೇ!"

ಅಷ್ಟೇ. ಇಡೀ ಸಭಾಂಗಣ ನಗತೊಡಗಿತು. ಕಪ್ಪು ಬಟ್ಟೆಯವರೆಲ್ಲ ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಂಡು, ಕಣ್ಣೊರೆಸಿಕೊಂಡು ನಕ್ಕರು. ನೆವೆನಾಳ ಅತ್ತೆ ವೆಲಿಕಾ ಅಂತೂ 'ನೆಂಟರು ಏಳುವುದನ್ನು ಕಾಯುವ ಬೆಕ್ಕಿ'ನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟಳು.

ಬಾಗಿಲ ಬಳಿ ನಿಂತಿದ್ದ ನೆವೆನಾಳ ಪಕ್ಕಕ್ಕೆ ಯಾಸೆನ್ ಬಂದು ನಿಂತ.

"ಹೋದ ಸಲ ಬೇರೆ ಊರಲ್ಲಿ ಪ್ರದರ್ಶನ ಇಟ್ಟಾಗ ಏಳು ಜನ ಬಂದಿದ್ರು. ಅದರಲ್ಲಿ ಇಬ್ಬರು ಮಳೆ ಅಂತ ಒಳಗೆ ಬಂದವರು."

"ಹಾಗಾದ್ರೆ ಕೋಪ ಇಲ್ವಾ?"

"ಮುಂದಿನ ಸಲಾನೂ ನೀವೇ ಅಚ್ಚು ಹಾಕಿಕೊಡಿ."

ನೆವೆನಾ ನಕ್ಕಳು. ಒಂದೇ ದಿನದಲ್ಲಿ ಎರಡನೇ ಸಲ! ಮನೆಗೆ ಹೋಗುವ ದಾರಿಯಲ್ಲಿ ಅದು ಅವಳಿಗೇ ಅರಿವಾಗಿ ಯಾಕೋ ಹೆದರಿಕೆಯಾಯಿತು.

* * *

ಪ್ರದರ್ಶನ ಮೂರು ವಾರಕ್ಕೆ ಮುಂದುವರಿಯಿತು. ಚಿತ್ರಗಳ ಪ್ರತಿ ಬೇಕೆಂದು ಜನ ಕೇಳತೊಡಗಿದರು. ಯಾಸೆನ್ ದಿನವೂ ಅಂಗಡಿಗೆ ಬರತೊಡಗಿದ.

"ಈ ಹಸಿರು ಹೀಗಲ್ಲ, ಸ್ವಲ್ಪ ಹುಳಿ ಇರಬೇಕು."

"ಹಸಿರಿಗೆ ಹುಳಿ ಎಲ್ಲಿಂದ ತರಲಿ? ನನ್ನ ಯಂತ್ರಕ್ಕೆ ಹನ್ನೊಂದು ವರ್ಷದಿಂದ ಕಪ್ಪೇ ಅಭ್ಯಾಸ."

"ಕಲಿಸೋಣ ಬಿಡಿ. ವಯಸ್ಸಾಗಿಲ್ಲ ಅದಕ್ಕೆ."

ಯಂತ್ರಕ್ಕೆ ಹೇಳಿದನೋ, ತನಗೆ ಹೇಳಿದನೋ? ನೆವೆನಾ ಕೇಳಲಿಲ್ಲ.

ಮಧ್ಯಾಹ್ನ ಮೇಜಿನ ಮೇಲೆ ಬ್ರೆಡ್ಡು, ಬಿಳಿ ಚೀಸು, ಟೊಮೆಟೊ ಹರಡಿಕೊಂಡು ಇಬ್ಬರೂ ತಿನ್ನುತ್ತಿದ್ದರು. ಒಂದು ದಿನ ಅವನು ಟೊಮೆಟೊವನ್ನು ಹಾಗೆಯೇ ಕಚ್ಚಿದಾಗ ಅವಳು ಮೆಲ್ಲಗೆ ನಕ್ಕಳು.

"ಏನು?"

"ಏನಿಲ್ಲ. ಬೋಯಾನ್ ಸಿಪ್ಪೆ ತೆಗೀದೆ ತಿಂತಾ ಇರಲಿಲ್ಲ. ಸಣ್ಣ ಚಾಕು ತಗೊಂಡು, ಆಪರೇಷನ್ ಮಾಡೋ ಡಾಕ್ಟರ್ ಥರ... ನಗುವಾಗಲೂ ಅಷ್ಟೇ, ಸದ್ದೇ ಇಲ್ಲ. ಭುಜ ಮಾತ್ರ ಮೇಲೆ ಕೆಳಗೆ, ಮೇಲೆ ಕೆಳಗೆ."

"ಬೋಯಾನ್ ಅಂದ್ರೆ..."

"ನನ್ನ ಗಂಡ. ಬಸ್ ಓಡಿಸ್ತಿದ್ದ. ಡಿಪೋದಲ್ಲಿ ಎದೆನೋವು ಅಂತ ಕೂತವನು ಏಳಲೇ ಇಲ್ಲ. ಜೂನ್ ಎರಡಕ್ಕೆ ಮೂರು ವರ್ಷ."

ಯಾಸೆನ್ ಕೈಯಲ್ಲಿದ್ದ ಟೊಮೆಟೊವನ್ನು ಕೆಳಗಿಟ್ಟ. ಸಮಾಧಾನದ ಮಾತು ಹೇಳಲಿಲ್ಲ.

"ಆ ನಗು ನಿಮಗೆ ಇನ್ನೂ ಕಣ್ಣಿಗೆ ಕಾಣ್ಸುತ್ತಾ?" ಎಂದಷ್ಟೇ ಕೇಳಿದ.

ಯಾರೂ ಹೀಗೆ ಕೇಳಿರಲಿಲ್ಲ. ನೆವೆನಾ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಒಂದೆಡೆ ಗುಡಿಸಿದಳು.

"ಕಮ್ಮಿ ಆಗ್ತಾ ಇದೆ," ಎಂದಳು ಕೊನೆಗೆ. "ಇದನ್ನ ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ."

ಅವಳ ಮನೆ ಬಾಗಿಲ ಮೇಲೆ ಬೋಯಾನ್‌ನ ಸಾವಿನ ಕಾಗದವಿದೆ. 'ನೀನಿಲ್ಲದ ಎರಡು ವರ್ಷ.' ಗುರುತಿನ ಚೀಟಿಯ ಫೋಟೋ, ಬಿಗಿದ ದವಡೆ. ಪ್ರತಿ ವರ್ಷ ಹೊಸದನ್ನು ಅಚ್ಚು ಹಾಕುವವಳು ಅವಳೇ, ಪಕ್ಕದಲ್ಲಿ ನಿಂತು ಅಂಟು ಹಚ್ಚಿಕೊಡುವವಳು ಅತ್ತೆ. ದಿನಕ್ಕೆ ನಾಲ್ಕು ಸಲ ಆ ಮುಖವನ್ನು ದಾಟಿಯೇ ಒಳಗೆ ಹೋಗಬೇಕು, ಹೊರಗೆ ಬರಬೇಕು.

'ಮಗನ ಮುಖ ಬಾಗಿಲ ಮೇಲಿರುವಾಗ, ಸೊಸೆ ಇನ್ನೊಬ್ಬನ ಬಗ್ಗೆ ಯೋಚಿಸುತ್ತಿದ್ದಾಳೆ ಎಂದು ಆ ತಾಯಿಗೆ ಗೊತ್ತಾದರೆ? ಅವರ ಮುಂದೆ ಹೇಗೆ ಊಟಕ್ಕೆ ಕೂರಲಿ?'

ಇಷ್ಟೇ ಅವಳ ಸಂಕಟ. ಊರಿನವರ ಮಾತಿಗೆ ಅವಳು ಹೆದರುವವಳಲ್ಲ. ಅತ್ತೆಯ ಮೌನಕ್ಕೆ ಹೆದರುತ್ತಿದ್ದಳು.

ಆದರೆ ಮನಸ್ಸು ಕೇಳಬೇಕಲ್ಲ! ಬೆಳಿಗ್ಗೆ ಹತ್ತಾದರೆ ಕಣ್ಣು ತಾನಾಗಿಯೇ ಅಂಗಡಿಯ ಗಾಜಿನಾಚೆ ಹುಡುಕುತ್ತಿತ್ತು.

* * *

ಮೇ ತಿಂಗಳ ಕೊನೆಯ ವಾರ. ಅಚ್ಚಾದ ಪ್ರತಿಗಳನ್ನು ಹಿಡಿದುಕೊಂಡು ನೆವೆನಾ ಮೊದಲ ಸಲ ಯಾಸೆನ್‌ನ ಕೋಣೆಯ ಮೆಟ್ಟಿಲು ಹತ್ತಿದಳು. ಅವನು ಆ ದಿನ ಅಂಗಡಿಗೆ ಬಂದಿರಲಿಲ್ಲ ಎಂಬುದು ನೆಪವೂ ಹೌದು, ಕಾರಣವೂ ಹೌದು.

ಬಾಗಿಲು ತೆರೆದಿತ್ತು. ಪೋಸ್ಟರಿನ ಬೆಕ್ಕು ಪನಾಯೋತ್ ಮಾವ ಜೀವಂತವಾಗಿ ಕಿಟಕಿಯಲ್ಲಿ ಮಲಗಿದ್ದ. ಕೋಣೆಯ ನಡುವೆ ನಿಲುವುಹಲಗೆಯ ಮೇಲೆ ಬಣ್ಣ ಇನ್ನೂ ಹಸಿಯಾಗಿದ್ದ ಒಂದು ಚಿತ್ರ.

ಬೂದುಬಣ್ಣದ ಬೆಕ್ಕು. ತಲೆಗೆ ಬಸ್ ಚಾಲಕನ ಟೋಪಿ. ಕೈಯಲ್ಲಿ ಪುಟ್ಟ ಚಾಕು, ಮುಂದೆ ಅರ್ಧ ಸಿಪ್ಪೆ ತೆಗೆದ ಟೊಮೆಟೊ. ನಗುವನ್ನು ಒಳಗೇ ಹಿಡಿದಿಟ್ಟುಕೊಂಡು ಭುಜಗಳು ಕಿವಿಯವರೆಗೆ ಏರಿವೆ. ಹಿಂದಿನ ಒಂದು ಕಾಲಿಗೆ ಮಾತ್ರ ಕಾಲುಚೀಲ.

ನೆವೆನಾಳ ಕೈಯಿಂದ ಕಾಗದದ ಕಟ್ಟು ಜಾರಿತು.

ಆ ಸದ್ದಿಗೆ ಒಳಗಿನಿಂದ ಓಡಿಬಂದ ಯಾಸೆನ್ ಅವಳನ್ನು ನೋಡಿದ. ಚಿತ್ರವನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ನೆವೆನಾ..."

"ಇದನ್ನೂ ಗೋಡೆಗೆ ಹಾಕ್ತೀರಾ?" ಅವಳ ದನಿ ತಣ್ಣಗಿತ್ತು. "ಜನ ಬಂದು ನಗ್ತಾರೆ. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ."

"ಇಲ್ಲ, ಇದು ಪ್ರದರ್ಶನಕ್ಕಲ್ಲ."

"ಮತ್ತೆ ಯಾತಕ್ಕೆ? ಯಾರಿಗೂ ಹೇಳಬೇಡಿ ಅಂದಿದ್ದೆ ನಾನು. ನನ್ನ ಗಂಡ ನಿಮಗೆ ಒಂದು ತಮಾಷೆ ಬೆಕ್ಕಾದನಾ?"

"ತಮಾಷೆ ಅಲ್ಲ."

"ಹಾಗಾದ್ರೆ ಯಾಕೆ ಬರೆದ್ರಿ? ಹೇಳಿ!"

ಯಾಸೆನ್ ಬಗ್ಗಿ ಬಿದ್ದ ಕಾಗದಗಳನ್ನು ಎತ್ತಿಕೊಂಡ.

"ಅದನ್ನ ನಾನು ಹೇಳೋ ಹಾಗಿಲ್ಲ," ಎಂದ.

ಅಷ್ಟು ಸಾಕಾಯಿತು. ನೆವೆನಾ ಮೆಟ್ಟಿಲಿಳಿದು ಹೋದಳು. ಸೇತುವೆ ದಾಟುವಾಗ ಯಾರೋ ಮಾತಾಡಿಸಿದರು, ಇವಳೂ ಏನೋ ಉತ್ತರ ಕೊಟ್ಟಳು. ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆಯೇ ಅಳು ಬಂದದ್ದು.

'ಒಬ್ಬನಿಗೆ ಹೇಳಿಕೊಂಡೆ... ಒಬ್ಬನಿಗೇ! ನನಗೆ ಬೇಕಿತ್ತಾ ಇದು?'

* * *

ಜೂನ್ ಒಂದು. ನಾಳೆ ಬೆಳಿಗ್ಗೆ ಹೊಸ ಕಾಗದ ಅಂಟಿಸಬೇಕು.

ನೆವೆನಾ ಗಣಕಯಂತ್ರದಲ್ಲಿ ಹೋದ ವರ್ಷದ ಕಡತ ತೆರೆದಳು. 'ಎರಡು' ಎಂಬುದನ್ನು ಅಳಿಸಿ 'ಮೂರು' ಎಂದು ಬರೆದಳು. ಪರದೆಯ ಮೇಲೆ ಬೋಯಾನ್ ಬಿಗಿದ ದವಡೆಯಲ್ಲಿ ಅವಳನ್ನೇ ನೋಡುತ್ತಿದ್ದ. ಅಚ್ಚಿನ ಗುಂಡಿಯ ಮೇಲೆ ಬೆರಳಿಟ್ಟಳು.

ಒತ್ತಲಾಗಲಿಲ್ಲ.

'ಇವನು ಯಾರು?' ಎನಿಸಿತು ಇದ್ದಕ್ಕಿದ್ದಂತೆ. 'ನನ್ನ ಜೊತೆ ಎಂಟು ವರ್ಷ ಬಾಳಿದವನು ಇವನಲ್ಲ.'

ಕಣ್ಣು ಮುಚ್ಚಿದರೆ ಎದುರಿಗೆ ಬಂದದ್ದು ಆ ಬೂದುಬೆಕ್ಕು! ಏರಿದ ಭುಜ, ಟೊಮೆಟೊ, ಒಂಟಿ ಕಾಲುಚೀಲ...

ಅವಳು ಕಣ್ಣು ತೆರೆದಳು.

ಟೊಮೆಟೊ ತಾನು ಹೇಳಿದ್ದು. ನಗುವೂ ತಾನೇ ಹೇಳಿದ್ದು. ಆದರೆ ಕಾಲುಚೀಲ? ಬೋಯಾನ್ ಒಂದೇ ಕಾಲಿಗೆ ಕಾಲುಚೀಲ ಹಾಕಿ ಮಲಗುತ್ತಿದ್ದ ವಿಷಯವನ್ನು ಅವಳು ಯಾಸೆನ್‌ಗೆ ಹೇಳಿಯೇ ಇರಲಿಲ್ಲ. ಅದು ಗೊತ್ತಿದ್ದದ್ದು ಮನೆಯೊಳಗಿನವರಿಗೆ ಮಾತ್ರ.

ಅಂಗಡಿಗೆ ಬೀಗ ಹಾಕಿ ಅವಳು ಮನೆಗೆ ಬಂದಳು.

ಅಡುಗೆಮನೆಯಲ್ಲಿ ವೆಲಿಕಾ ನಾಳೆ ಚರ್ಚಿನಲ್ಲಿ ಸತ್ತವನ ನೆನಪಿಗೆ ಹಂಚಲು ಬೇಯಿಸಬೇಕಾದ ಗೋಧಿಯನ್ನು ತಟ್ಟೆಯಲ್ಲಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು.

"ಅತ್ತೆ, ಕಾಲುಚೀಲದ ವಿಷಯ ಆ ಚಿತ್ರ ಬರೆಯೋನಿಗೆ ಹೇಳಿದ್ದು ನೀವಾ?"

ವೆಲಿಕಾಳ ಕೈ ನಿಂತಿತು.

"ಆ ಬೆಕ್ಕಿನವನು ಬಾಯಿಬಿಟ್ಟನಾ?"

"ಇಲ್ಲ. ಅವರು ಒಂದು ಮಾತೂ ಹೇಳಲಿಲ್ಲ."

"ಹ್ಞೂಂ." ಮುದುಕಿಯ ಮುಖದಲ್ಲಿ ತೃಪ್ತಿ ಕಾಣಿಸಿತು. "ಹೇಳಬೇಡ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ. ಕೂತ್ಕೊಳ್ಳೇ. ನಿಂತ್ಕೊಂಡು ಹಾಗೆ ನೋಡಬೇಡ, ನಂಗೆ ಹೆದರಿಕೆ ಆಗುತ್ತೆ."

ನೆವೆನಾ ಕುಳಿತಳು.

"ಪ್ರದರ್ಶನ ಆದ ಮಾರನೇ ದಿನಾನೇ ಅವನ ಹತ್ರ ಹೋಗಿದ್ದೆ. ನನ್ನ ಮಗಂದು ಒಂದು ಚಿತ್ರ ಬರೆದುಕೊಡಪ್ಪ ಅಂದೆ. ಮನುಷ್ಯರನ್ನ ಬರೆಯೋಕೆ ನಂಗೆ ಬರಲ್ಲಮ್ಮಾ, ಮರದ ಥರ ಆಗ್ತಾರೆ, ಬೆಕ್ಕಾದ್ರೆ ಬರೀತೀನಿ ಅಂದ. ಸರಿ, ಬೆಕ್ಕೇ ಬರಿ ಅಂದೆ."

"ಯಾಕತ್ತೆ? ಫೋಟೋ ಇದೆಯಲ್ಲ..."

"ಆ ಫೋಟೋನಾ!" ವೆಲಿಕಾ ಸಿಡುಕಿದಳು. "ಕಚೇರೀಲಿ ಆ ಗುಮಾಸ್ತೆ 'ನಗಬೇಡ, ಗದ್ದ ಎತ್ತು' ಅಂತ ಬೈದ ಮೇಲೆ ತೆಗೆದ ಮುಖ ಅದು. ದಿನಾ ಅದನ್ನೇ ನೋಡಿ ನೋಡಿ ನನ್ನ ಮಗ ಹೇಗಿದ್ದ ಅನ್ನೋದೇ ಮರೆತು ಹೋಗ್ತಿತ್ತು ಕಣೇ. ಅದಕ್ಕೇ ವಾರಕ್ಕೆ ಮೂರು ಮಧ್ಯಾಹ್ನ ಹೋಗಿ ಕೂತು ಎಲ್ಲಾ ಹೇಳ್ದೆ. ಐದು ವರ್ಷದವನಿದ್ದಾಗ ಒಂದು ಕಾಲು ಸೆಖೆ, ಒಂದು ಕಾಲು ಚಳಿ ಅಂತಿದ್ನಲ್ಲ, ಅಲ್ಲಿಂದ ಶುರು ಮಾಡ್ದೆ."

ಅವಳು ನಗುತ್ತಲೇ ಅಳುತ್ತಿದ್ದಳು. ನೆವೆನಾ ಅವಳ ಕೈ ಹಿಡಿದುಕೊಂಡಳು.

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ಬಾಗಿಲ ಮೇಲೆ ಅವನ ಕಾಗದ ಇಲ್ಲದಿದ್ರೆ ನೀನು ತಡ್ಕೊಳ್ಳಲ್ಲ ಅಂದ್ಕೊಂಡಿದ್ದೆ. ನಿನಗೋಸ್ಕರ ಅಂಟು ಹಚ್ಚಿಕೊಡ್ತಿದ್ದೆ."

ನೆವೆನಾ ದಿಗ್ಭ್ರಮೆಯಿಂದ ನೋಡಿದಳು.

"ಅತ್ತೆ... ನಾನು ನಿಮಗೋಸ್ಕರ ಅಚ್ಚು ಹಾಕ್ತಿದ್ದೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೂರು ವರ್ಷ! ಒಂದೇ ಮನೆ, ಒಂದೇ ಒಲೆ, ಒಂದೇ ಮೇಜು. ಒಬ್ಬರಿಗೂ ಬೇಡವಾದ ಕಾಗದವನ್ನು ಇನ್ನೊಬ್ಬರ ಸಲುವಾಗಿ, ಅಷ್ಟು ಜೋಪಾನವಾಗಿ ಅಂಟಿಸುತ್ತಾ ಬಂದಿದ್ದರು.

"ದಡ್ಡಿ," ಎಂದಳು ವೆಲಿಕಾ.

"ನೀವೇನು ಕಮ್ಮಿನಾ?" ಎಂದಳು ನೆವೆನಾ.

ವೆಲಿಕಾ ಏಪ್ರನ್ನಿನಲ್ಲಿ ಮೂಗೊರೆಸಿಕೊಂಡಳು. ಮತ್ತೆ ಗೋಧಿಗೆ ಕೈಹಾಕುತ್ತಾ, ಬೇರೇನೋ ಮಾತಾಡುವಂತೆ ಹೇಳಿದಳು:

"ಚಿತ್ರಕ್ಕೆ ಅಂತ ಹೋದವಳು ಆಮೇಲೆ ಅವನನ್ನ ನೋಡೋಕೆ ಅಂತಾನೂ ಹೋದೆ. ನಾನೂ ಹೆಂಗಸೇ ಕಣೇ, ನನಗೂ ಕಣ್ಣಿದೆ. ಹತ್ತು ಗಂಟೆಗೆ ನೀನು ಗಾಜು ಒರೆಸೋಕೆ ಶುರು ಮಾಡ್ತೀಯಂತೆ, ಇಡೀ ಬೀದಿ ಹೇಳ್ತಿದೆ."

"ಅತ್ತೆ!"

"ಏನು ಅತ್ತೆ? ಒಳ್ಳೆಯವನು. ಕಾಫಿ ಮಾಡೋಕೆ ಮಾತ್ರ ಬರಲ್ಲ, ಕೆಸರು ಕುಡಿದ ಹಾಗಿರುತ್ತೆ. ಅದನ್ನ ನೀನು ಕಲಿಸ್ಕೋ."

"ನಿಮಗೆ... ನೋವಾಗಲ್ವಾ?"

ವೆಲಿಕಾ ತಟ್ಟೆಯಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

"ಆಗುತ್ತೆ. ಸುಳ್ಳು ಯಾಕೆ ಹೇಳ್ಲಿ? ಮೂರು ವರ್ಷದಿಂದ ನೀನು ನಗದೆ ಓಡಾಡೋದು ನೋಡಿದಾಗ ಅದಕ್ಕಿಂತ ಜಾಸ್ತಿ ಆಗ್ತಿತ್ತು. ಹೋಗು, ಬೆಳಕಿರೋವಾಗ್ಲೇ ಹೋಗಿ ಬಾ. ನಾಳೆ ಚರ್ಚಿಗೆ ಅವನನ್ನೂ ಬರೋಕೆ ಹೇಳು. ನನ್ನ ಮಗನ್ನ ಅಷ್ಟು ಚೆನ್ನಾಗಿ ತಿಳ್ಕೊಂಡವನು ಒಂದು ಹಿಡಿ ಗೋಧಿ ತಿನ್ನದೆ ಇದ್ರೆ ಹೇಗೆ?"

* * *

ಯಾಸೆನ್ ಕಿಟಕಿಯ ಬಳಿ ಕುಂಚ ತೊಳೆಯುತ್ತಿದ್ದ. ಮೆಟ್ಟಿಲ ಮೇಲಿನ ಹೆಜ್ಜೆ ಸದ್ದಿಗೇ ಅವನಿಗೆ ಗೊತ್ತಾಗಿಹೋಯಿತು. ಆದರೂ ತಿರುಗಲು ಧೈರ್ಯ ಸಾಲಲಿಲ್ಲ.

"ಅತ್ತೆ ಎಲ್ಲಾ ಹೇಳಿದ್ರು," ಎಂದಳು ನೆವೆನಾ, ಬಾಗಿಲಲ್ಲೇ ನಿಂತು.

ಅವನು ದೊಡ್ಡದಾಗಿ ಉಸಿರು ಬಿಟ್ಟ.

"ಅವತ್ತು ನೀವೂ ಒಂದು ಮಾತು ಹೇಳಬಹುದಿತ್ತು. ನಾನು ನಿಮ್ಮನ್ನ ಕೆಟ್ಟವರು ಅಂದ್ಕೊಂಡು ಹೋದೆ. ಅದಕ್ಕೂ ಒಪ್ಪಿಕೊಂಡು ಸುಮ್ಮನಿದ್ರಾ?"

"ಒಪ್ಪಿರಲಿಲ್ಲ. ಆರು ದಿನದಿಂದ ಒಂದು ಬಾಲ ಕೂಡ ನೆಟ್ಟಗೆ ಬರೆಯೋಕಾಗಿಲ್ಲ." ಅವನು ಈಗ ತಿರುಗಿದ. "ಆದ್ರೆ ಆ ತಾಯಿಗೆ ಮಾತು ಕೊಟ್ಟಿದ್ದೆ. ಅವರ ಮಗನ ವಿಷಯದಲ್ಲಿ ಕೊಟ್ಟ ಮಾತು. ಹೇಗೆ ಮುರೀಲಿ?"

ನೆವೆನಾ ನಿಲುವುಹಲಗೆಯ ಮುಂದೆ ಬಂದು ನಿಂತಳು. ಈ ಸಲ ಪೂರ್ತಿಯಾಗಿ ನೋಡಿದಳು. ಸಿಪ್ಪೆಯ ಒಂದೇ ಉದ್ದನೆಯ ಸುರುಳಿ. ಇನ್ನೇನು ಸಿಡಿಯಲಿರುವ, ಆದರೆ ಎಂದೂ ಸದ್ದು ಮಾಡದ ಆ ನಗು.

"ಇವನೇ," ಎಂದಳು ಪಿಸುದನಿಯಲ್ಲಿ. "ಇವನೇ ಬೋಯಾನ್."

ಯಾಸೆನ್ ಕುಂಚವನ್ನು ಕೆಳಗಿಟ್ಟ.

"ನಾನು ಇವನನ್ನ ಮರೆಯಲ್ಲ, ಯಾಸೆನ್. ಮೊದಲೇ ಹೇಳಿಬಿಡ್ತೀನಿ. ಮರೀತೀನಿ ಅಂತ ಸುಳ್ಳು ಹೇಳಿ ಬರೋಕೆ ನನ್ನ ಕೈಲಾಗಲ್ಲ."

"ಯಾಕೆ ಮರೀಬೇಕು? ಅವರ ಜೊತೆ ನಾನೂ ಎರಡು ವಾರ ಕಳೆದಿದ್ದೀನಿ. ನನಗೂ ಅವರು ಇಷ್ಟ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಬರೋಕೆ ಅಂದ್ರಲ್ಲ ಈಗ... ಎಲ್ಲಿಗೆ ಬರೋಕೆ?"

ನೆವೆನಾಳ ಕಿವಿ ಕೆಂಪಾಯಿತು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅವಳಿಗೂ ತಪ್ಪಿಸಿಕೊಳ್ಳುವುದು ಬೇಕಿರಲಿಲ್ಲ.

"ನಿಮ್ಮ ಹತ್ರ," ಎಂದಳು. "ನೀವು ನಂಗೆ ಇಷ್ಟ. ನೀವು ಬರದೆ ಇದ್ದ ಈ ಆರು ದಿನ ಮಧ್ಯಾಹ್ನದ ಬ್ರೆಡ್ಡು ಗಂಟಲಲ್ಲಿ ಇಳೀಲಿಲ್ಲ. ಇನ್ನೇನು ಹೇಳಬೇಕು ನಾನು?"

ಯಾಸೆನ್ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ಕೈ ಹಿಡಿದ. ಅವನ ಬೆರಳ ನೀಲಿ ಅವಳ ಅಂಗೈಗೂ ಅಂಟಿತು. ಇಬ್ಬರೂ ಬಿಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳು ಕೇಳಿದಳು, "ಊರಲ್ಲಿ ಎಲ್ಲರನ್ನೂ ಬೆಕ್ಕು ಮಾಡಿದ್ದೀರಿ. ನನ್ನನ್ನ ಯಾಕೆ ಬರೆದಿಲ್ಲ?"

ಅವನು ತಲೆ ಕೆರೆದುಕೊಂಡ. "ಬರೆದೆ. ಹನ್ನೆರಡು ಸಲ. ಎಲ್ಲಾ ಹರಿದು ಹಾಕಿದೆ."

"ಅಷ್ಟು ಕೆಟ್ಟದಾಗಿದ್ದೀನಾ?"

"ಬೆಕ್ಕನ್ನ ಒಂದು ಸಲ ನೋಡಿದ್ರೆ ಸಾಕು, ಕೂತು ಬರೆದುಬಿಡ್ತೀನಿ. ನಿನ್ನನ್ನ ನೋಡಿದ್ರೆ ಬರೆಯೋದೇ ಮರೆತು ನೋಡ್ತಾನೇ ಕೂತ್ಬಿಡ್ತೀನಿ."

'ನೀವು' ಯಾವಾಗ 'ನೀನು' ಆಯಿತೋ, ಇಬ್ಬರೂ ಅದನ್ನು ಎತ್ತಿ ಆಡಲಿಲ್ಲ.

"ಹಾಗಾದ್ರೆ ನನ್ನ ಚಿತ್ರ ಮುಗಿಯೋದು ಯಾವಾಗ?"

"ಬೇಗ ಆಗೋ ಹಾಗೆ ಕಾಣಲ್ಲ. ವರ್ಷಗಟ್ಟಲೆ ಹಿಡಿಯಬಹುದು. ಪರವಾಗಿಲ್ವಾ?"

ನೆವೆನಾ ಕಿಟಕಿ ಪಕ್ಕದ ಕುರ್ಚಿಯ ಮೇಲಿದ್ದ ಬಣ್ಣದ ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸಿ, ಬೆಳಕಿಗೆ ಮುಖ ಮಾಡಿ ಆರಾಮಾಗಿ ಕುಳಿತಳು.

"ಪರವಾಗಿಲ್ಲ. ನಿಧಾನವಾಗಿ ಬರಿ."